ಹವಾಯಿಯ 115 ಮತಗಳು

ಪ್ರಶ್ನೆ: 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಶೃಂಗೇರಿ ಕ್ಷೇತ್ರದ ಗೆಲುವಿನ ಅಂತರ ಕೇವಲ 201 ಮತ ಎಂದು ಘೋಷಣೆಯಾದಾಗ ಸಂತೆಯಲ್ಲೂ ಬಸ್ಸಿನಲ್ಲೂ ಅದೇ ಮಾತಾಗಿತ್ತು. ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಒಂದು ಇಡೀ ರಾಜ್ಯ ಇದಕ್ಕಿಂತ ಕಡಿಮೆ ಅಂತರದಲ್ಲಿ ತೀರ್ಮಾನವಾದದ್ದುಂಟೆ? ಮರುಎಣಿಕೆಯಲ್ಲಿ ಫಲಿತಾಂಶವೇ ತಿರುಗಿದ್ದುಂಟೆ?
– ಓದುಗರೊಬ್ಬರು, ಕೊಪ್ಪ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಎರಡೂ ಉಂಟು, ಅದೂ ಒಂದೇ ಚುನಾವಣೆಯಲ್ಲಿ. ತಮ್ಮ ಜಿಲ್ಲೆಯಂತೆಯೇ ಕಾಫಿ ಬೆಳೆಯುವ ಹವಾಯಿ ರಾಜ್ಯವಾದದ್ದು 1959ರ ಆಗಸ್ಟ್‌ನಲ್ಲಿ. ಅಲ್ಲಿನವರು ಮೊದಲ ಬಾರಿಗೆ ಅಧ್ಯಕ್ಷರ ಆಯ್ಕೆಗೆ ಮತ ಹಾಕಿದ್ದು 1960ರ ನವೆಂಬರ್ 8ರಂದು. ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ 141 ಮತಗಳಿಂದ ಗೆದ್ದಿದ್ದರು. ಡೆಮಾಕ್ರಟರು ನ್ಯಾಯಾಲಯಕ್ಕೆ ಹೋಗಿ ಮರುಎಣಿಕೆಯ ಆದೇಶ ಪಡೆದರು.

ಆದರೆ ಅಲ್ಲಿ ಜನರು ಆರಿಸುವುದು ಎಲೆಕ್ಟರ್‌ಗಳನ್ನು. ಅವರೆಲ್ಲ ತಂತಮ್ಮ ರಾಜ್ಯದಲ್ಲಿ, ಕಾನೂನು ಗೊತ್ತುಮಾಡಿದ ಒಂದೇ ದಿನ ಸೇರಿ ಅಧ್ಯಕ್ಷರಿಗೆ ಮತ ಹಾಕಬೇಕು. ಆ ವರ್ಷ ಆ ದಿನ ಡಿಸೆಂಬರ್ 19. ಮರುಎಣಿಕೆ ಇನ್ನೂ ಮುಗಿದಿರಲಿಲ್ಲ. ಹೊನೊಲುಲುವಿನ ಇಯೊಲಾನಿ ಅರಮನೆಯಲ್ಲಿ, ಸರ್ಕಾರದ ಪ್ರಮಾಣಪತ್ರ ಪಡೆದಿದ್ದ ನಿಕ್ಸನ್ ಪರ ಮೂವರು ಮತ ಹಾಕಿದರು. ಅಂಥ ಯಾವ ಪತ್ರವೂ ಇಲ್ಲದ, ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಕೆನಡಿ ಪರದ ಮೂವರೂ ಅಂದೇ ತಮ್ಮ ಮತಗಳನ್ನು ಬರೆದು ಸಹಿ ಮಾಡಿ ವಾಷಿಂಗ್ಟನ್‌ಗೆ ಕಳುಹಿಸಿದರು. ಇಡೀ ಪ್ರಕರಣದ ಜೀವಾಳ ಈ ಮೂರು ಸಹಿಗಳೇ ಎಂದು ನನ್ನ ಎಣಿಕೆ. ಅವರು ಅಂದು ಸುಮ್ಮನೆ ಮನೆಯಲ್ಲಿ ಕುಳಿತಿದ್ದರೆ, ಮುಂದೆ ಮರುಎಣಿಕೆಯಲ್ಲಿ ಗೆದ್ದರೂ ಲೆಕ್ಕಕ್ಕೆ ಹಿಡಿಯಲು ಅವರ ಮತಗಳೇ ಇರುತ್ತಿರಲಿಲ್ಲ.

ಡಿಸೆಂಬರ್ 30ರಂದು ನ್ಯಾಯಾಲಯ ತೀರ್ಪಿತ್ತಿತು: ಕೆನಡಿ 92,410, ನಿಕ್ಸನ್ 92,295. ಅಂತರ 115, ಶೃಂಗೇರಿಯದಕ್ಕಿಂತ 86 ಕಡಿಮೆ. ಸ್ವತಃ ರಿಪಬ್ಲಿಕನ್ ಆಗಿದ್ದ ಗವರ್ನರ್ ವಿಲಿಯಂ ಕ್ವಿನ್ 1961ರ ಜನವರಿ 4ರಂದು ಕೆನಡಿ ಪರ ಹೊಸ ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಎರಡು ದಿನಗಳ ಬಳಿಕ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಜಂಟಿ ಅಧಿವೇಶನದಲ್ಲಿ ಮತಪತ್ರಗಳನ್ನು ತೆರೆಯಬೇಕಾದವರು ಉಪಾಧ್ಯಕ್ಷರು, ಎಂದರೆ ಸೋತ ನಿಕ್ಸನ್ನರೇ. ಯಾರ ಆಕ್ಷೇಪವೂ ಇಲ್ಲದಿದ್ದರೆ ಕೆನಡಿ ಪರ ಮತಗಳನ್ನೇ ಎಣಿಸಬಹುದೆಂದ ಅವರು, ಇದನ್ನು ಮುಂದಕ್ಕೆ ಪೂರ್ವನಿದರ್ಶನವಾಗಿ ಭಾವಿಸಬಾರದೆಂದೂ ಸೇರಿಸಿದರು. ಅವರ ಔದಾರ್ಯವನ್ನು ತುಸು ತೂಗಿ ನೋಡಿಯೇ ಹೊಗಳಬೇಕು: ಅಧ್ಯಕ್ಷಗಿರಿಗೆ ಬೇಕಿದ್ದದ್ದು 269 ಎಲೆಕ್ಟರ್‌ಗಳ ಮತ, ಹವಾಯಿಯ ಮೂರನ್ನು ಬಿಟ್ಟರೂ ಕೆನಡಿಯವರ ಬಳಿ 300 ಇದ್ದವು.