ಅಚ್ಚಿನ ಸೀಸದ ಗುಂಡಿಗೆ ಮದ್ದಿನ ಲೆಕ್ಕ: ತೂಕ ನೋಡಿ ಹುಡುಕಬೇಡಿ

ಮನೆಯಲ್ಲೇ ತೋಟೆ ತುಂಬಿಸಲು, ಬೇರೆ ಬೇರೆ ಕಡೆ ಸಿಕ್ಕಿದ ಮದ್ದಿನ ಅಂಕಿಗಳ ಸರಾಸರಿ ತೆಗೆಯಬಹುದೇ ಎಂದು ಕೇಳಿದ್ದೀರಿ. ಸರಾಸರಿ ಮಾತ್ರ ತೆಗೆಯಬೇಡಿ. ಬದಿಯಡ್ಕದಿಂದ ಟೆಕ್ಸಾಸಿಗೆ ಹೋದ ನಿಮಗೆ .38 ಸ್ಪೆಷಲ್ ರಿವಾಲ್ವರಿನ 158 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ಸೀಸದ ಗುಂಡಿಗೆ ಮೂರು ಕಡೆ ಮದ್ದಿನ ಮೂರು ಅಂಕಿ ಸಿಕ್ಕಿದೆ. ಪೆರ್ಲದಿಂದ ಅಮೆರಿಕಕ್ಕೆ ಬಂದ ಹೊಸತರಲ್ಲಿ ನನ್ನ ಪ್ರಶ್ನೆಯೂ ಇದೇ ಆಗಿತ್ತು. ಆ ಮೂರೂ ಅಂಕಿಗಳು ಸರಿಯೇ ಇರಬಹುದು. ಆದರೆ ಅವು ಮೂರು ಬೇರೆ ಬೇರೆ ಗುಂಡುಗಳವು. ಸರಾಸರಿ ತೆಗೆದರೆ ಸಿಗುವ ಲೆಕ್ಕವನ್ನು ಯಾವ ಲ್ಯಾಬೂ ಪರೀಕ್ಷಿಸಿಲ್ಲ.

ಹೆಚ್ಚಿನವರು ಎಡವುವುದು ಇಲ್ಲೇ: ಗುಂಡಿನ ತೂಕ ಒಂದೇ ಎಂದು ಮದ್ದಿನ ಲೆಕ್ಕವನ್ನೂ ಎರವಲು ತರುತ್ತಾರೆ. ಒತ್ತಡ ತೂಕದಿಂದ ಮಾತ್ರ ಹುಟ್ಟುವುದಿಲ್ಲ, ಗುಂಡಿನ ಹಿಂದೆ ಮದ್ದಿಗೆ ಎಷ್ಟು ಜಾಗ ಉಳಿಯಿತು ಎಂಬುದೂ ಮುಖ್ಯ; ಜಾಗ ಕಡಿಮೆಯಾದಷ್ಟೂ ಒತ್ತಡ ಹೆಚ್ಚು. 148 ಗ್ರೇನಿನ, ಮೂತಿ ಚಪ್ಪಟೆಯಾದ ವಾಡ್‌ಕಟರ್ 158ಕ್ಕಿಂತ ಹಗುರ, ಆದರೂ ಅದು ಕೇಸಿನ (ತೋಟೆಯ ಹಿತ್ತಾಳೆಯ ಕೊಳವೆ) ಬಾಯಿಯವರೆಗೆ ಒಳಗೆ ಕೂರುತ್ತದೆ, ಜಾಗ ಅರ್ಧಕ್ಕರ್ಧ ನುಂಗುತ್ತದೆ. 'ಹಗುರ ಗುಂಡಲ್ಲವೇ, ಸ್ವಲ್ಪ ಹೆಚ್ಚು ಹಾಕೋಣ' ಅಂದರೆ ಅಪಾಯ. ನಿಮ್ಮದನ್ನು ಅಳೆಯುವುದು ಸುಲಭ. ಗುಂಡಿನ ಉದ್ದಕ್ಕೆ ಕೇಸಿನ ಉದ್ದ ಕೂಡಿಸಿ, ತೋಟೆಯ ಒಟ್ಟು ಉದ್ದ ಕಳೆಯಿರಿ. ಗುಂಡು 0.700 ಇಂಚು, ಕೇಸು 1.155, ಒಟ್ಟು 1.480 ಆದರೆ, ಒಳಗೆ ಕೂತದ್ದು 0.375. ಅದೇ ತೂಕದ, 0.640 ಇಂಚಿನ ಇನ್ನೊಂದು ಗುಂಡು ಅದೇ ಒಟ್ಟು ಉದ್ದದಲ್ಲಿ 0.315 ಮಾತ್ರ ಒಳಗಿರುತ್ತದೆ. .38 ಸ್ಪೆಷಲಿನ ಒತ್ತಡದ ಮಿತಿ 17,000 ಪಿಎಸ್‌ಐ. ತಪ್ಪಿಗೆ ಅಲ್ಲಿ ಹೆಚ್ಚು ಎಡೆಯಿಲ್ಲ.

ತಾಮ್ರದ ಕವಚದ ಗುಂಡಿನ ಲೆಕ್ಕವಂತೂ ಬೇಡವೇ ಬೇಡ. ನಳಿಗೆಯಲ್ಲಿ ಕವಚಕ್ಕೂ ಸೀಸಕ್ಕೂ ಘರ್ಷಣೆ ಬೇರೆ. ಅದರ ಗರಿಷ್ಠ ಮದ್ದು ಹಾಕಿದರೆ ಮೆತ್ತಗಿನ ಸೀಸ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಅಂದಾಜಿಗೆ ಮದ್ದು ಇಳಿಸಿದರೆ ಎಚ್110ನಂಥ ನಿಧಾನದ ಮದ್ದು ಸರಿಯಾಗಿ ಉರಿಯದೆ ಗುಂಡು ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಳ್ಳಬಹುದು. ಅಡಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಅಂದಾಜಿಗೆ ಹಾಕಿದರೆ ಕೊಳೆರೋಗ ಬಂದೀತು, ಇಲ್ಲಿ ಹೋಗುವುದು ಕೈ.

ಹಾಗಾದರೆ ನಂಬುವುದು ಯಾವುದನ್ನು? ಗುಂಡಿನ ಅಚ್ಚಿನ ಸಂಖ್ಯೆ, ಲೋಹದ ಮಿಶ್ರಣ, ಒಟ್ಟು ಉದ್ದ, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ) ಎಲ್ಲವನ್ನೂ ಹೇಳುವ ಲೆಕ್ಕವನ್ನು. ಲೈಮನ್ ಕಂಪನಿಯ ಎರಕದ ಗುಂಡಿನ ಕೈಪಿಡಿ ಇದನ್ನೇ ಮಾಡುತ್ತದೆ. ಮೊದಲು ಅದನ್ನು ಕೊಳ್ಳಿ. ಆಮೇಲೆ ಮದ್ದು ತಯಾರಕರ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲಿ ಕಡಿಮೆ ಇರುವ ಆರಂಭದ ಅಂಕಿಯಿಂದಲೇ ಶುರು ಮಾಡಿ, ಪುಸ್ತಕದ ಗರಿಷ್ಠ ಅಂಕಿ ದಾಟಬೇಡಿ. ಯಾರೋ ಬರೆದ 'ನನಗೆ ಏನೂ ಆಗಿಲ್ಲ' ಎಂಬ ಮಾತನ್ನು ಲೆಕ್ಕವೆಂದು ಹಿಡಿಯಬೇಡಿ, ಈ ಉತ್ತರದಲ್ಲಿ ಮದ್ದಿನ ಅಂಕಿ ಇಲ್ಲದಿರುವುದೂ ಅದಕ್ಕೇ.

ಮದ್ದಿನ ಹೆಸರನ್ನು ಅಕ್ಷರಶಃ ಓದಿ. ಎಚ್‌ಪಿ-38, ವಿಂಚೆಸ್ಟರ್ 231 ಒಂದೇ ಮದ್ದು. ಆದರೆ ಎಚ್4895, ಐಎಂಆರ್ 4895 ಬೇರೆ ಬೇರೆ.

ಮಿಶ್ರಣವನ್ನೂ ತಿಳಿದುಕೊಳ್ಳಿ. ಲೈಮನ್ ನಂಬರ್ 2 ಎಂದರೆ ಶೇ. 90 ಸೀಸ, 5 ತವರ, 5 ಆಂಟಿಮನಿ; ಗಡಸು ಸುಮಾರು 15 ಬ್ರಿನೆಲ್. ಶುದ್ಧ ಸೀಸ 5. ಮೆತ್ತಗಿನ ಸೀಸ ಎರೆದರೆ ಅದೇ ಅಚ್ಚಿನ ಗುಂಡು ಕೆಲವು ಗ್ರೇನ್ ಭಾರವಾಗುತ್ತದೆ, ಅದಕ್ಕೆ ನಿಮ್ಮ ತಕ್ಕಡಿಯಲ್ಲೇ ತೂಗಿ. ನಳಿಗೆಗೆ ಸೀಸ ಮೆತ್ತುತ್ತಿದ್ದರೆ ಗಡಸು ಹೆಚ್ಚಿಸುವ ಮೊದಲು ವ್ಯಾಸ ನೋಡಿ. ಮೆತ್ತನೆಯ ಸೀಸದ ತುಂಡೊಂದನ್ನು ಖಾಲಿ ನಳಿಗೆಯಲ್ಲಿ ತಳ್ಳಿ ತೆಗೆದು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಗುಂಡು ಅದಕ್ಕಿಂತ ಇಂಚಿನ ಸಾವಿರದಲ್ಲೊಂದು ಭಾಗ ದಪ್ಪವಿರಬೇಕು, ಸಿಲಿಂಡರಿನ ಕಿಂಡಿಗಳಲ್ಲಿ ಬಿಗಿಯಾಗಿ ತೂರಬೇಕು.

.38ರ ಕೇಸು ಕರಿಮದ್ದಿನ ಕಾಲದ್ದು, ದೊಡ್ಡದು. ಬೇಗ ಉರಿಯುವ ಮದ್ದನ್ನು ಎರಡು ಸಲ ಹಾಕಿದರೂ ತುಳುಕುವುದಿಲ್ಲ. ಗುಂಡು ಕೂರಿಸುವ ಮೊದಲು ಹಲಗೆಯಲ್ಲಿ ಸಾಲಾಗಿ ನಿಂತ ಕೇಸುಗಳಿಗೆ ಟಾರ್ಚು ಹಾಕಿ, ಎಲ್ಲದರಲ್ಲೂ ಮದ್ದಿನ ಮಟ್ಟ ಒಂದೇ ಇದೆಯೇ ನೋಡಿ. ಹೊಡೆದಾಗ ಸದ್ದು ಸಣ್ಣದಾದರೆ ಅಲ್ಲೇ ನಿಲ್ಲಿಸಿ. ತೋಟೆ ಎಲ್ಲ ತೆಗೆದು, ನಳಿಗೆಯಲ್ಲಿ ಕಡ್ಡಿ ಹಾಕಿ ಪರೀಕ್ಷಿಸಿ. ಸಿಕ್ಕಿಕೊಂಡ ಗುಂಡಿನ ಮೇಲೆ ಇನ್ನೊಂದು ಈಡು ಬಿದ್ದರೆ ನಳಿಗೆ ಒಡೆಯಬಹುದು.

ಊರಲ್ಲಿ ಕೋವಿ ಲೈಸೆನ್ಸ್ ಇಟ್ಟುಕೊಂಡು ತೋಟಕ್ಕೆ ಬರುವ ಹಂದಿಯ ಚಿಂತೆಯಲ್ಲಿ ಇದನ್ನು ಓದುತ್ತಿರುವವರಿಗೆ: ಕೋವಿಯ ಲೈಸೆನ್ಸ್ ತೋಟೆ ತಯಾರಿಸುವ ಲೈಸೆನ್ಸ್ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಅಂಗಡಿಯ ತೋಟೆಯನ್ನೇ ತನ್ನಿ.