ಬೆಳಿಗ್ಗೆ ಕುದಿಸಿದ ಮಾತ್ರಕ್ಕೆ ರಾತ್ರಿಯ ಕೋಳಿ ಸಾರು ಶುದ್ಧವಾಗುವುದಿಲ್ಲ

ಕೊಡಗಿನ ಕೈಲ್ ಮುಹೂರ್ತ ಹಬ್ಬ ಹತ್ತಿರವಾದಾಗಲೆಲ್ಲ ಕೋಳಿ ಮಾಂಸವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಬಗೆಗೆ ಪತ್ರಗಳು ಬರುತ್ತವೆ. ಬರೆಯುವವರ ಊರು ಬದಲಾಗುತ್ತದೆಯೇ ಹೊರತು ಪ್ರಶ್ನೆ ಬದಲಾಗುವುದಿಲ್ಲ. ಮಾಂಸದ ನೈರ್ಮಲ್ಯವನ್ನು ಕಲಿಸುವುದೇ ನನ್ನ ವೃತ್ತಿಯಾದ್ದರಿಂದ ಇವುಗಳಿಗೆ ಉತ್ತರಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಹಸಿ ಮಾಂಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು, ಕೋಳಿ ಕತ್ತರಿಸಿದ ಹಲಗೆಯ ಮೇಲೆಯೇ ಈರುಳ್ಳಿ ಹೆಚ್ಚಬಾರದು, ಫ್ರಿಜ್‌ನಲ್ಲಿ ಹಸಿ ಮಾಂಸ ಕೆಳಗಿನ ತಟ್ಟೆಯಲ್ಲಿರಬೇಕು ಎಂಬಂಥ ಸಂಗತಿಗಳನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ. ಅಷ್ಟು ಗೊತ್ತಿರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ: ರಾತ್ರಿ ಉಳಿದ ಕೋಳಿ ಸಾರನ್ನು ಒಲೆಯ ಮೇಲೆಯೇ ಮುಚ್ಚಿಟ್ಟು, ಬೆಳಿಗ್ಗೆ ಚೆನ್ನಾಗಿ ಕುದಿಸಿ ನೂಪುಟ್ಟಿನ (ಶಾವಿಗೆಯ) ಜೊತೆ ತಿನ್ನುವುದು ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದಿದೆ. ನಮ್ಮದು ಚಳಿಯ ಊರು, ಸಾರಿಗೆ ಕಾಚಂಪುಳಿಯೆಂಬ ಕಪ್ಪು ಹುಳಿಯನ್ನೂ ಹಾಕಿರುತ್ತೇವೆ. ಹೀಗಿರುವಾಗ ಫ್ರಿಜ್ ಬೇಕೇ ಬೇಕೆಂದು ಹೇಳುವುದು ಪಟ್ಟಣದವರ ಅತಿರೇಕವಲ್ಲವೇ? (ನಾಪೋಕ್ಲಿನ ಓದುಗರೊಬ್ಬರು)

ಅತಿರೇಕವಲ್ಲ. ಈ ಪ್ರಶ್ನೆಯಲ್ಲಿ ಚಳಿ, ಹುಳಿ, ಕುದಿ ಎಂಬ ಮೂರು ನಂಬಿಕೆಗಳು ಸೇರಿಕೊಂಡಿವೆ, ಮೂರೂ ಅರ್ಧ ಸತ್ಯಗಳೇ.

ಮೊದಲು ಚಳಿಯ ಮಾತು. ಜುಲೈ ತಿಂಗಳ ಮಳೆಯಲ್ಲಿ ಮಡಿಕೇರಿಯ ಅಡುಗೆಮನೆಯೊಳಗೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕುಶಾಲನಗರದ ಕಡೆ ಇನ್ನೂ ಹೆಚ್ಚು. ಕಂಬಳಿ ಹೊದೆಯುವ ನಮಗೆ ಅದು ಚಳಿಯಾಗಿರಬಹುದು, ಬ್ಯಾಕ್ಟೀರಿಯಾಗಳಿಗೆ ಅಲ್ಲ. ಬೇಯಿಸಿದ ಮಾಂಸದಲ್ಲಿ ರೋಗಾಣುಗಳು 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಬೆಳೆಯಬಲ್ಲವು, ಆದ್ದರಿಂದಲೇ ಫ್ರಿಜ್ 4 ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಕೆಳಗಿರಬೇಕೆಂದು ಹೇಳುವುದು. ಕೊಡಗಿನ ಯಾವ ಅಡುಗೆಮನೆಯೂ ತಾನಾಗಿ ಅಷ್ಟಕ್ಕೆ ಇಳಿಯುವುದಿಲ್ಲ.

ಅದಕ್ಕಿಂತ ಮುಖ್ಯವಾದ ವಿಷಯವೆಂದರೆ, ದೊಡ್ಡ ಪಾತ್ರೆಯ ನಡುವಿನ ಭಾಗಕ್ಕೆ ಹೊರಗಿನ ಚಳಿ ಬೇಗ ತಲುಪುವುದೇ ಇಲ್ಲ. ತೆಂಗಿನಕಾಯಿ ಅರೆದು ಹಾಕಿದ ಗಟ್ಟಿ ಸಾರು, ಮೇಲೆ ಎಣ್ಣೆಯ ಪದರ, ಅದರ ಮೇಲೆ ಮುಚ್ಚಳ. ಇಂಥ ಪಾತ್ರೆಯ ಬದಿಯನ್ನು ಮುಟ್ಟಿ ತಣ್ಣಗಾಗಿದೆಯೆಂದು ನೀವು ಮಲಗಲು ಹೋದ ಮೇಲೂ ಒಳಗಿನ ಸಾರು ಗಂಟೆಗಟ್ಟಲೆ 40 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಕಾಯುತ್ತಿರುವುದು ಆ ಗಂಟೆಗಳಿಗಾಗಿಯೇ. ಇದರ ಬೀಜಕಣಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ಇದರ ರೂಪಗಳು, ಕುದಿಯುವ ಸಾರಿನಲ್ಲಿ ಸಾಯುವುದಿಲ್ಲ. ಬದಲಿಗೆ ಕುದಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳೆಲ್ಲ ಸತ್ತು, ಸಾರಿನಲ್ಲಿದ್ದ ಗಾಳಿಯೂ ಹೊರಟುಹೋಗುವುದರಿಂದ, ಗಾಳಿ ಬೇಡದ ಈ ಜೀವಿಗೆ ಹಾದಿ ಸುಗಮವಾಗುತ್ತದೆ. 43ರಿಂದ 47 ಡಿಗ್ರಿಯ ನಡುವೆ, ಮಾಂಸದಂಥ ಆಹಾರದಲ್ಲಿ, ಇದು ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಅಂದರೆ ಎರಡು ಗಂಟೆಯಲ್ಲಿ ಒಂದು ಇದ್ದದ್ದು ನಾಲ್ಕು ಸಾವಿರಕ್ಕೂ ಹೆಚ್ಚಾಗುತ್ತದೆ. ತಿಂದ 6ರಿಂದ 24 ಗಂಟೆಗಳೊಳಗೆ ಹೊಟ್ಟೆ ಹಿಂಡಿದಂತಾಗಿ ಭೇದಿಯಾಗುತ್ತದೆ, ಸಾಮಾನ್ಯವಾಗಿ ಜ್ವರವಾಗಲಿ ವಾಂತಿಯಾಗಲಿ ಇರುವುದಿಲ್ಲ, ಒಂದು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಮದುವೆ ಮನೆಯ ಊಟದ ಮರುದಿನ ಅರ್ಧ ಕುಟುಂಬ ಹೊಟ್ಟೆ ಹಿಡಿದುಕೊಂಡಾಗ 'ನೀರು ಬದಲಾಯಿತು' ಎಂದು ಸಮಾಧಾನ ಹೇಳಿಕೊಳ್ಳುತ್ತಾರಲ್ಲ, ನೀರನ್ನು ದೂರುವ ಮೊದಲು ಆ ದೊಡ್ಡ ಪಾತ್ರೆ ಎಷ್ಟು ಹೊತ್ತು ಹಾಗೆಯೇ ಕುಳಿತಿತ್ತೆಂದು ವಿಚಾರಿಸುವುದು ಒಳ್ಳೆಯದು.

ಬೆಳಿಗ್ಗೆ ಕುದಿಸುತ್ತೇವಲ್ಲ ಎನ್ನುತ್ತೀರಿ. ನಿಜವಾಗಿಯೂ ತಳದಿಂದ ಮೇಲಿನವರೆಗೆ ಕುದಿಸಿದರೆ, ರಾತ್ರಿಯಿಡೀ ಬೆಳೆದ ಪರ್ಫ್ರಿಂಜೆನ್ಸ್ ಸಾಯುತ್ತದೆ ಎಂಬುದನ್ನು ಒಪ್ಪುತ್ತೇನೆ. ನಿಮ್ಮ ಮನೆಯವರು ಇಷ್ಟು ದಿನ ಪಾರಾಗಿರುವುದಕ್ಕೆ ಬಹುಶಃ ಅದೇ ಕಾರಣ. ಆದರೆ ಬೆಳಿಗ್ಗೆ ಅವಸರದಲ್ಲಿ ಹೆಚ್ಚಿನವರು ಮಾಡುವುದು ಕುದಿಸುವ ಕೆಲಸವಲ್ಲ, ಬೆಚ್ಚಗೆ ಮಾಡುವ ಕೆಲಸ: ಅಂಚಿನಲ್ಲಿ ನಾಲ್ಕು ಗುಳ್ಳೆ ಕಂಡ ಕೂಡಲೇ ಗ್ಯಾಸ್ ಆರಿಸುತ್ತಾರೆ, ಆಗ ಕಾಲಿನ ದಪ್ಪ ತುಂಡಿನ ಒಳಗೆ 74 ಡಿಗ್ರಿ ಮುಟ್ಟಿರುವುದಿಲ್ಲ. ಎರಡನೆಯದಾಗಿ, ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ನಮ್ಮ ಮೂಗಿನಲ್ಲಿ, ಕೈಯ ಗಾಯಗಳಲ್ಲಿ ಇರುತ್ತದೆ. ಬೆಂದ ಮೇಲೆ ರುಚಿ ನೋಡಿದ ಸೌಟು ಮತ್ತೆ ಪಾತ್ರೆಗಿಳಿದರೆ, ಬೆಂದ ಮಾಂಸವನ್ನು ಬರಿಗೈಯಿಂದ ಬಿಡಿಸಿದರೆ, ಅದು ಸಾರಿಗೆ ಸೇರುತ್ತದೆ, ರಾತ್ರಿಯೆಲ್ಲ ಬೆಳೆದು ವಿಷವನ್ನು ತಯಾರಿಸುತ್ತದೆ. ಬೆಳಗಿನ ಕುದಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಅರ್ಧ ಗಂಟೆ ಕುದಿಸಿದರೂ ಉಳಿಯುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಕುದಿಯ ಮೇಲೆ ನಮ್ಮ ಜನ ಇಟ್ಟಿರುವ ಭಕ್ತಿ ಇಲ್ಲಿ ಏನೂ ಫಲ ಕೊಡುವುದಿಲ್ಲ.

ಇನ್ನು ಅಜ್ಜಿಯ ವಿಚಾರ. ಅಜ್ಜಿ ತಪ್ಪು ಮಾಡುತ್ತಿರಲಿಲ್ಲ, ಅವರ ಒಲೆಯೇ ಬೇರೆಯಾಗಿತ್ತು. ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಸೌದೆ ಒಲೆಯಲ್ಲಿ ರಾತ್ರಿಯಿಡೀ ಕೆಂಡ ಇರುತ್ತಿತ್ತು. ಅದರ ಮೇಲೆ ಕುಳಿತ ಮಡಕೆ ಕೈಯಿಡಲಾಗದಷ್ಟು ಬಿಸಿಯಾಗಿಯೇ ಉಳಿದಿದ್ದರೆ, ಸಾರು 60 ಡಿಗ್ರಿಯ ಮೇಲೆಯೇ ಇದ್ದು ಬ್ಯಾಕ್ಟೀರಿಯಾ ಬೆಳೆಯಲು ಆಸ್ಪದವಿರುತ್ತಿರಲಿಲ್ಲ. ಜೊತೆಗೆ ಸಂಜೆ ಕೊಯ್ದ ಒಂದು ಕೋಳಿಯನ್ನು ತಿನ್ನಲು ಮನೆ ತುಂಬ ಜನರಿದ್ದರು, ಉಳಿಯುತ್ತಿದ್ದುದು ತಳದಲ್ಲಿ ಒಂದಿಷ್ಟು. ನೀವು ಗ್ಯಾಸ್ ಒಲೆಯನ್ನು ಆರಿಸಿ, ಅಜ್ಜಿಯ ಕ್ರಮವೆಂದು ಹೇಳಿಕೊಂಡು, ಪಾತ್ರೆಯನ್ನು ನಿಧಾನವಾಗಿ ತಣಿಯಲು ಬಿಡುತ್ತಿದ್ದೀರಿ. ಕ್ರಮದಲ್ಲಿದ್ದ ಕೆಂಡವನ್ನು ತೆಗೆದುಹಾಕಿ ಕ್ರಮವನ್ನು ಮಾತ್ರ ಉಳಿಸಿಕೊಂಡಿದ್ದೀರಿ.

ಕಾಚಂಪುಳಿಯ ಬಗ್ಗೆ ನನಗೂ ಅಭಿಮಾನವಿದೆ. ಹಣ್ಣಿನ ರಸವನ್ನು ಬತ್ತಿಸಿ ಮಾಡಿದ ಆ ಕಪ್ಪು ಹುಳಿ ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ ಎಂಬುದು ನಿಜ. ಬಾಟಲಿಯಲ್ಲಿರುವುದು ಬರಿಯ ಹುಳಿ. ಪಾತ್ರೆಯಲ್ಲಿರುವುದು ಒಂದು ಕಿಲೋ ಕೋಳಿಗೆ ಒಂದೆರಡು ಚಮಚ. ಮಾಂಸದ ಪ್ರೋಟೀನು ಆಮ್ಲದ ಬಲವನ್ನು ತಗ್ಗಿಸುತ್ತದೆ, ನೀರು ಅದನ್ನು ತೆಳುವಾಗಿಸುತ್ತದೆ. ನಾಲಿಗೆಗೆ ಹುಳಿ ತಿಳಿಯುತ್ತದೆ ಎಂದ ಮಾತ್ರಕ್ಕೆ ಅದು ಉಪ್ಪಿನಕಾಯಿಯಾಗುವುದಿಲ್ಲ. ಹಂದಿ ಮಾಂಸದ ಸಾರಿಗೂ ಇದೇ ಮಾತು ಅನ್ವಯಿಸುತ್ತದೆ, ಯಾರಿಗೆ ಬೇಸರವಾದರೂ ಸರಿ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಊಟ ಮುಗಿದ ಕೂಡಲೇ ಉಳಿದ ಸಾರನ್ನು ಎರಡು ಅಂಗುಲಕ್ಕಿಂತ ಹೆಚ್ಚು ಆಳವಾಗದಂತೆ ಅಗಲವಾದ ಡಬ್ಬಿಗಳಿಗೆ ಹಂಚಿ, ಆ ಡಬ್ಬಿಗಳನ್ನು ತಣ್ಣೀರು ತುಂಬಿದ ಬೋಗುಣಿಯಲ್ಲಿಟ್ಟು ಸೌಟಿನಿಂದ ಆಗಾಗ ಕದಡಿ, ಒಲೆಯಿಂದಿಳಿಸಿದ ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಬೇಕು. ನಮ್ಮ ಬಾವಿಯ ನೀರು ಮಳೆಗಾಲದಲ್ಲಿ ಎಷ್ಟು ತಣ್ಣಗಿರುತ್ತದೆಯೆಂದು ನಿಮಗೇ ಗೊತ್ತಿದೆ. ಚಳಿಯ ಊರಿನ ನಿಜವಾದ ಪ್ರಯೋಜನ ಇದೊಂದೇ. ಬಿಸಿ ಪದಾರ್ಥ ಇಟ್ಟರೆ ಫ್ರಿಜ್ ಕೆಟ್ಟುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹಬೆಯಾಡುವ ಹತ್ತು ಲೀಟರಿನ ಪಾತ್ರೆಯನ್ನು ಒಳಗೆ ತುರುಕಿದರೆ ಪಕ್ಕದ ಹಾಲು ಮೊಸರು ಬೆಚ್ಚಗಾಗುತ್ತವೆ ಅಷ್ಟೇ, ಉಗುರುಬೆಚ್ಚಗಿರುವ ಸಣ್ಣ ಡಬ್ಬಿಗಳಿಂದ ಏನೂ ಆಗದು. ಹೀಗಿಟ್ಟ ಸಾರನ್ನು ಮೂರು ದಿನಗಳವರೆಗೆ ಬಳಸಬಹುದು. ನಾಲ್ಕನೆಯ ದಿನಕ್ಕೂ ಅಡ್ಡಿಯಿಲ್ಲವೆಂದು ಕೆಲವು ಕೈಪಿಡಿಗಳು ಹೇಳುತ್ತವೆ, ನಾನು ಹೇಳುವುದಿಲ್ಲ. ಪ್ರತಿ ಸಲ ಬೇಕಾದಷ್ಟನ್ನು ಮಾತ್ರ ತೆಗೆದು, ಎಲ್ಲೆಡೆ ಕುದಿ ಬರುವವರೆಗೆ ಕಾಯಿಸಿ, ಉಳಿದರೆ ಚೆಲ್ಲಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಫ್ರೀಜರ್‌ನಲ್ಲಿದ್ದ ಮೂರು ಕಿಲೋ ಹಸಿ ಕೋಳಿ ಮೆತ್ತಗಾಗಿದೆ, ಆದರೆ ವಾಸನೆ ಬಂದಿಲ್ಲ. ಬಳಸಬಹುದೇ? (ಸೋಮವಾರಪೇಟೆ)

ವಾಸನೆಯನ್ನು ನಂಬಬೇಡಿ. ಮಾಂಸ ನಾರುವಂತೆ ಮಾಡುವ ಬ್ಯಾಕ್ಟೀರಿಯಾಗಳು ಬೇರೆ, ರೋಗ ತರುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ಗಳು ಬೇರೆ; ಎರಡನೆಯವು ಮೂಗಿಗೆ ಸುಳಿವು ಕೊಡುವುದಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಲೆಕ್ಕ ಒಳ್ಳೆಯ ಪ್ರತ್ಯೇಕ ಫ್ರೀಜರ್‌ಗೆ ಸಲ್ಲುತ್ತದೆ, ಒಂದೇ ಬಾಗಿಲಿನ ಹಳೆಯ ಫ್ರಿಜ್‌ನ ಮೇಲ್ಗೂಡಿಗೆ ಅಲ್ಲ. ಮಾಂಸದೊಳಗೆ ಇನ್ನೂ ಐಸಿನ ಹರಳುಗಳಿದ್ದರೆ ಮತ್ತೆ ಫ್ರೀಜ್ ಮಾಡಬಹುದು. ಪೂರ್ತಿ ಮೆತ್ತಗಾಗಿ, ಎಷ್ಟು ಹೊತ್ತಿನಿಂದ ಹಾಗಿದೆಯೆಂದು ತಿಳಿಯದಿದ್ದರೆ ಹೂತುಬಿಡಿ. ತಿಳಿಯುವ ಉಪಾಯ ಒಂದಿದೆ: ಲೋಟದಲ್ಲಿ ನೀರನ್ನು ಐಸ್ ಮಾಡಿ, ಮೇಲೊಂದು ನಾಣ್ಯವನ್ನಿಟ್ಟು ಫ್ರೀಜರ್‌ನಲ್ಲಿಯೇ ಬಿಡಿ. ನಾಣ್ಯ ತಳ ಸೇರಿದ್ದರೆ, ಕರೆಂಟ್ ಬಂದು ನೀರು ಮತ್ತೆ ಗಟ್ಟಿಯಾಗಿದ್ದರೂ, ನಡುವೆ ಎಲ್ಲವೂ ಕರಗಿತ್ತೆಂದು ಅರ್ಥ. ಮರ ಬಿದ್ದು ತಂತಿ ತುಂಡಾಗುವ ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳಲ್ಲಿ ನಮ್ಮ ಮನೆಯ ಫ್ರೀಜರ್‌ನಲ್ಲಿ ಹಸಿ ಕೋಳಿಯನ್ನೇ ಇಡುವುದಿಲ್ಲ. ತೋಟದ ಮನೆಯಿಂದ ಅಂಗಡಿ ದೂರವೆಂಬ ನೆಪದಲ್ಲಿ ಕಿಲೋಗಟ್ಟಲೆ ತಂದು ತುಂಬುವವರು, ಫ್ರಿಜ್‌ನಲ್ಲಿ ಹಸಿ ಕೋಳಿಯ ಆಯುಸ್ಸು ಒಂದೆರಡು ದಿನ ಮಾತ್ರ ಎಂಬುದನ್ನು ನೆನಪಿಟ್ಟುಕೊಳ್ಳಲಿ.

ಪ್ರಶ್ನೆ: ಹಸಿ ಕೋಳಿಯನ್ನು ಅರಿಶಿನ ಮತ್ತು ಉಪ್ಪು ನೀರಿನಲ್ಲಿ ತೊಳೆದಿಟ್ಟರೆ ರೋಗಾಣುಗಳು ಸಾಯುತ್ತವೆಯೇ?

ಸಾಯುವುದಿಲ್ಲ, ತೊಟ್ಟಿಯ ಸುತ್ತಮುತ್ತ ಸಿಡಿದು ಪಕ್ಕದ ತರಕಾರಿಗೂ ಹರಡುತ್ತವೆ. ಮಾಂಸವನ್ನು ಶುದ್ಧಗೊಳಿಸುತ್ತದೆಂದು ಸಂತೆಯಲ್ಲಿ ಮಾರುವ ಪುಡಿಗಳ ಬಗ್ಗೆಯೂ ಹಲವರು ಕೇಳಿದ್ದಾರೆ. ದುಡ್ಡು ಉಳಿಸಿ, ಆ ದುಡ್ಡಿಗೆ ಫ್ರಿಜ್‌ನೊಳಗಿಡುವ ಒಂದು ಥರ್ಮಾಮೀಟರ್ ಕೊಳ್ಳಿ.

ಪ್ರಶ್ನೆ: ನಾಟಿ ಕೋಳಿಗೆ ಈ ಎಚ್ಚರಿಕೆಗಳು ಬೇಕಿಲ್ಲವಲ್ಲ?

ಬೇಕು.

ಪ್ರಶ್ನೆ: ಫ್ರೀಜರ್‌ನಿಂದ ತೆಗೆದ ಕೋಳಿಯನ್ನು ರಾತ್ರಿಯೇ ಹೊರಗಿಟ್ಟರೆ ಬೆಳಿಗ್ಗೆಗೆ ಕರಗಿರುತ್ತದೆ. ತಪ್ಪೇ?

ತಪ್ಪು. ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ. ಮರೆತಿದ್ದರೆ ನೀರು ನುಗ್ಗದ ಚೀಲದಲ್ಲಿಟ್ಟು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ, ಕರಗಿದ ಕೂಡಲೇ ಬೇಯಿಸಿ.

ಪ್ರಶ್ನೆ: ಹಳಸಿದ ಕೋಳಿ ತಿಂದು ಭೇದಿಯಾದಾಗ ಬ್ರಾಂಡಿಗೆ ಕಾಳುಮೆಣಸಿನ ಪುಡಿ ಹಾಕಿ ಕುಡಿದರೆ ನಿಲ್ಲುತ್ತದೆಂದು ನಮ್ಮೂರಿನ ಔಷಧಿ ಕೊಡುವವರು ಹೇಳುತ್ತಾರೆ. ನಿಜವೇ? (ಪೊನ್ನಂಪೇಟೆ)

ನೀರು ಕಳೆದುಕೊಂಡ ದೇಹಕ್ಕೆ ಮದ್ಯ ಕುಡಿಸುವವರನ್ನು ಔಷಧಿ ಕೊಡುವವರೆಂದು ಕರೆಯಲು ನಾನು ಸಿದ್ಧನಿಲ್ಲ. ಬೇಕಾದದ್ದು ಓಆರ್‌ಎಸ್, ಒಂದು ಲೀಟರ್ ಶುದ್ಧ ನೀರಿಗೆ ಒಂದು ದೊಡ್ಡ ಪೊಟ್ಟಣ, ಗುಟುಕು ಗುಟುಕಾಗಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಪಡೆದ ಆಂಟಿಬಯಾಟಿಕ್ ಮಾತ್ರೆಯೂ ಬೇಡ. ಮಲದಲ್ಲಿ ರಕ್ತ, ಹೆಚ್ಚಿನ ಜ್ವರ ಅಥವಾ ನಿಲ್ಲದ ವಾಂತಿ ಕಂಡರೆ, ಅಥವಾ ರೋಗಿ ಎಳೆಯ ಮಗು, ಗರ್ಭಿಣಿ ಇಲ್ಲವೇ ವೃದ್ಧರಾಗಿದ್ದರೆ, ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನಾವು ತಿನ್ನಬಾರದೆಂದಾದರೆ ಹಳೆಯ ಸಾರನ್ನು ನಾಯಿಗೆ ಹಾಕಬಹುದೇ?

ಹಾಕಬೇಡಿ. ಬೆಂದ ಕೋಳಿಯ ಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚಬಹುದು, ಸಾರಿನಲ್ಲಿರುವ ಈರುಳ್ಳಿ ನಾಯಿಯ ರಕ್ತಕಣಗಳನ್ನು ನಾಶಮಾಡುತ್ತದೆ. ಕಾಫಿ ಗಿಡಗಳ ನಡುವೆ, ನಾಯಿ ಕೆದಕಲಾಗದಷ್ಟು ಆಳದ ಗುಂಡಿ ತೋಡಿ ಹೂಳಿ.