ಜಾವಾದ ಜೆನೆರಿಕ್ ಮೆಥಡ್‌ನಲ್ಲಿ ಕಾಸ್ಟ್ ಮಾಡಿದ್ದು ಒಂದು ಕಡೆ, ಎರರ್ ಬಂದದ್ದು ಇನ್ನೊಂದು ಕಡೆ. ಯಾಕೆ?

ನಿಮ್ಮ ಮೆಥಡ್ ಮ್ಯಾಪ್‌ನಿಂದ ಒಂದು ವ್ಯಾಲ್ಯೂ ತೆಗೆದು, ‘ಟಿ’ಗೆ (ಕರೆಯುವ ಕಡೆ ಗೊತ್ತಾಗುವ ಟೈಪಿಗೆ ಇಟ್ಟ ಹೆಸರು) ಕಾಸ್ಟ್ ಮಾಡಿ, ಅಂದರೆ ಇದು ಆ ಟೈಪಿನದ್ದೇ ಅಂತ ಹೇಳಿ, ರಿಟರ್ನ್ ಮಾಡುತ್ತದೆ. ಒಳಗಿದ್ದದ್ದು ಇಂಟಿಜರ್, ನೀವು ಅದನ್ನು ಸ್ಟ್ರಿಂಗ್ ವೇರಿಯಬಲ್‌ಗೆ ಹಾಕಿದಿರಿ. ಕಾಸ್ಟ್ ಇರುವ ಸಾಲು ಸಲೀಸಾಗಿ ದಾಟಿತು, ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ (ಟೈಪ್ ಹೊಂದದಿದ್ದರೆ ಬರುವ ಎರರ್) ಬಂದದ್ದು ಮೆಥಡ್ ಕರೆದ ಸಾಲಿನಲ್ಲಿ. ಹಾಗಾದರೆ ಒಳಗಿನ ಕಾಸ್ಟ್ ಏನು ಮಾಡಿತು ಅಂತ ಕೇಳಿದ್ದೀರಿ. ಏನೂ ಮಾಡಲಿಲ್ಲ.

ಇದಕ್ಕೆ ಕಾರಣ ಟೈಪ್ ಇರೇಶರ್, ಅಂದರೆ ಟೈಪ್ ಅಳಿಸುವುದು. ಜೆನೆರಿಕ್ಸ್ ಬಂದದ್ದು 2004ರಲ್ಲಿ, ಜಾವಾ 5ರ ಜೊತೆ. ಅಷ್ಟರಲ್ಲಿ ಹಳೆಯ ಕೋಡ್ ರಾಶಿ ಬಿದ್ದಿತ್ತು, ಅದೂ ಹೊಸ ಕೋಡ್ ಜೊತೆ ಓಡಬೇಕಿತ್ತು. ಹಾಗಾಗಿ ಕಂಪೈಲರ್ ಟೈಪ್‌ಗಳನ್ನೆಲ್ಲ ತಾನೇ ನೋಡಿ ಮುಗಿಸಿ, ಬೈಟ್‌ಕೋಡ್‌ನಲ್ಲಿ (ಕಂಪೈಲ್ ಆದ ಕೋಡ್) ‘ಟಿ’ ಇದ್ದ ಕಡೆ ಬರೀ ಆಬ್ಜೆಕ್ಟ್, ಅಂದರೆ ಎಲ್ಲ ಕ್ಲಾಸ್‌ಗಳ ಮೂಲ ಟೈಪ್, ಇಡುತ್ತದೆ. ಆಬ್ಜೆಕ್ಟನ್ನು ಆಬ್ಜೆಕ್ಟ್‌ಗೇ ಕಾಸ್ಟ್ ಮಾಡಿದರೆ ಚೆಕ್ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ, ಅಲ್ವಾ?

ಕ್ಲಾಸ್ ಫೈಲನ್ನು, ಬೈಟ್‌ಕೋಡ್ ತೋರಿಸುವ ಜಾವಾಪ್ ಕಮಾಂಡ್‌ನಿಂದ, ಮೈನಸ್ ಸಿ ಹಾಕಿ, ಒಮ್ಮೆ ತೆರೆದು ನೋಡಿ. ನಿಮ್ಮ ಮೆಥಡ್ ಒಳಗೆ ‘ಚೆಕ್‌ಕಾಸ್ಟ್’ (ಓಡುವಾಗ ಟೈಪ್ ಚೆಕ್ ಮಾಡುವ ಸೂಚನೆ) ಇರುವುದೇ ಇಲ್ಲ. ಕರೆದ ಕಡೆ, ಕರೆ ಮುಗಿದ ತಕ್ಷಣ, ಸ್ಟ್ರಿಂಗ್‌ಗೆ ಒಂದು ಚೆಕ್‌ಕಾಸ್ಟ್ ಕಾಣುತ್ತದೆ. ಅದು ಕಂಪೈಲರ್ ಸುಮ್ನೆ ಸೇರಿಸಿದ್ದಲ್ಲ. ರಿಟರ್ನ್ ಆದದ್ದು ಆಬ್ಜೆಕ್ಟ್, ನಿಮಗೆ ಬೇಕಿದ್ದದ್ದು ಸ್ಟ್ರಿಂಗ್. ಅದೇ ರಿಸಲ್ಟನ್ನು ಆಬ್ಜೆಕ್ಟ್ ವೇರಿಯಬಲ್‌ಗೆ ಹಾಕಿ ನೋಡಿ, ಎರರೇ ಬರುವುದಿಲ್ಲ.

‘ಟಿ ಎಕ್ಸ್‌ಟೆಂಡ್ಸ್ ನಂಬರ್’ ಅಂತ, ಅಂದರೆ ‘ಟಿ’ ನಂಬರ್ ಜಾತಿಯ ಟೈಪೇ ಆಗಿರಬೇಕು ಅಂತ, ಬರೆದರೆ ಮಾತ್ರ ಸ್ವಲ್ಪ ಬೇರೆ. ಆಗ ‘ಟಿ’ ಜಾಗಕ್ಕೆ ನಂಬರ್ ಬರುತ್ತದೆ. ಒಳಗೆ ಸ್ಟ್ರಿಂಗ್ ಇದ್ದರೆ ಕಾಸ್ಟ್ ಸಾಲಿನಲ್ಲೇ ಸಿಕ್ಕಿಬೀಳುತ್ತದೆ. ಆದರೆ ಡಬಲ್ ಬೇಕಾದಲ್ಲಿ ಇಂಟಿಜರ್ ಇದ್ದರೆ, ಎರಡೂ ನಂಬರೇ ಆದ್ದರಿಂದ, ಅಲ್ಲಿ ದಾಟಿಕೊಂಡೇ ಬರುತ್ತದೆ.

ನನಗೆ ಇದರಲ್ಲಿ ಜಾಸ್ತಿ ಭಯ ಲಿಸ್ಟ್‌ಗಳದ್ದು. ತಪ್ಪು ಟೈಪಿನ ವ್ಯಾಲ್ಯೂ ಒಂದು ಲಿಸ್ಟ್ ಒಳಗೆ ಸೇರಿಕೊಂಡರೆ, ಎಷ್ಟೋ ಹೊತ್ತಿನ ಮೇಲೆ ಬೇರೆ ಯಾವುದೋ ಕ್ಲಾಸಿನಲ್ಲಿ ಅದನ್ನು ಹೊರಗೆ ತೆಗೆದಾಗ ಪ್ರೋಗ್ರಾಂ ಬೀಳುತ್ತದೆ. ಕಂಪೈಲರ್ ಕೊಟ್ಟ ‘ಅನ್‌ಚೆಕ್ಡ್ ಕಾಸ್ಟ್’ ವಾರ್ನಿಂಗ್ ಇದನ್ನೇ ಹೇಳುತ್ತಿತ್ತು. ದಯವಿಟ್ಟು ಅದನ್ನು ಸಪ್ರೆಸ್‌ವಾರ್ನಿಂಗ್ಸ್ ಹಾಕಿ ಮುಚ್ಚಬೇಡಿ. ಆ ಟೈಪ್ ತಪ್ಪಲು ಸಾಧ್ಯವೇ ಇಲ್ಲ ಅಂತ ನಿಮ್ಮ ಕೋಡೇ ಖಾತ್ರಿ ಕೊಡುವ ಕಡೆ ಮಾತ್ರ ಅದು ಸರಿ.

ನಿಮ್ಮ ಮೆಥಡ್‌ಗೆ ಇನ್ನೊಂದು ಪ್ಯಾರಾಮೀಟರ್ ಸೇರಿಸಿ: ‘ಟಿ’ಯ ಕ್ಲಾಸ್ ಆಬ್ಜೆಕ್ಟ್ (ಟೈಪ್ ಯಾವುದು ಅಂತ ಓಡುವಾಗ ತಿಳಿಸುವ ಆಬ್ಜೆಕ್ಟ್). ಕರೆಯುವಾಗ ‘ಸ್ಟ್ರಿಂಗ್ ಡಾಟ್ ಕ್ಲಾಸ್’ ಕೊಡಿ, ಒಳಗೆ ಬ್ರಾಕೆಟ್ ಕಾಸ್ಟ್ ಬದಲು ಆ ಕ್ಲಾಸ್ ಆಬ್ಜೆಕ್ಟಿನ ‘ಕಾಸ್ಟ್’ ಮೆಥಡ್ ಕರೆಯಿರಿ. ಓಡುವಾಗ ನಿಜವಾಗಿಯೂ ಚೆಕ್ ಆಗುತ್ತದೆ, ತಪ್ಪಿದ್ದರೆ ಅಲ್ಲೇ ಎಕ್ಸೆಪ್ಶನ್ ಬರುತ್ತದೆ. ವಾರ್ನಿಂಗ್ ಕೂಡ ಹೋಗುತ್ತದೆ. ಆದರೆ ತೆಗೆಯುವ ವ್ಯಾಲ್ಯೂ ಲಿಸ್ಟ್ ಆಗಿದ್ದರೆ, ಈ ಚೆಕ್ ಅದು ಲಿಸ್ಟ್ ಹೌದೋ ಅಲ್ಲವೋ ಅಂತ ಮಾತ್ರ ನೋಡುತ್ತದೆ, ಒಳಗಿನ ಎಲಿಮೆಂಟ್‌ಗಳನ್ನಲ್ಲ. ಸ್ಟ್ರಿಂಗ್‌ಗಳ ಲಿಸ್ಟೇ ಬೇಕಿದ್ದರೆ ಒಂದೊಂದು ಎಲಿಮೆಂಟನ್ನೂ ನೀವೇ ಹೀಗೆ ಕಾಸ್ಟ್ ಮಾಡಿ ಹೊಸ ಲಿಸ್ಟ್‌ಗೆ ಹಾಕಬೇಕು.